ನೀರು ಮೇಲಕ್ಕೆ ಹತ್ತಿದ ಕಡತಗಳು

ಫೆಲೋಶಿಪ್ ಪತ್ರದ ಎರಡನೆಯ ಪುಟದಲ್ಲಿ ನಾಲ್ಕು ಷರತ್ತುಗಳಿದ್ದವು. ಸಂಶೋಧಕರು ವಾರಕ್ಕೆ ಐದು ದಿನ ಗ್ರಂಥಾಲಯದಲ್ಲೇ ಕೂತು ಕೆಲಸ ಮಾಡಬೇಕು. ಅಲ್ಲಿನ ಸಂಗ್ರಹವನ್ನೇ ಮುಖ್ಯ ಆಕರವಾಗಿ ಬಳಸಬೇಕು. ಯಾವ ದಾಖಲೆಯೂ ಹೊಸ್ತಿಲು ದಾಟಬಾರದು. ನಾಲ್ಕು ತಿಂಗಳ ಕೊನೆಗೆ ದಾಖಲೆಗಳ ವಿವರಪಟ್ಟಿಯನ್ನೂ ಒಂದು ಪ್ರಬಂಧವನ್ನೂ ಸಮಿತಿಗೆ ಒಪ್ಪಿಸಬೇಕು. ಇದಕ್ಕೆ ಪ್ರತಿಯಾಗಿ ಗ್ರಂಥಾಲಯ ತಿಂಗಳ ಭತ್ಯೆ, ಪೂರ್ವದ ಕಿಟಕಿಯ ಪಕ್ಕ ಒಂದು ಮೇಜು, ಹಿಂದಿನ ಕೋಣೆಯ ಬೀರುವಿನ ಬೀಗದ ಕೈ ಮತ್ತು ಹಳ್ಳಿಗಳಿಗೆ ಹೋಗಿಬರುವ ಬಸ್ ಖರ್ಚು ಕೊಡುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಹಳೆಯ ಪೇಟೆಯಲ್ಲಿದ್ದ ಆ ಗ್ರಂಥಾಲಯ ಸರ್ಕಾರದ್ದಲ್ಲ, ಊರಿನ ಹಿರಿಯರು ಕಟ್ಟಿ ನಡೆಸುತ್ತಿದ್ದದ್ದು. ಫೆಲೋಶಿಪ್ ಕೊಟ್ಟದ್ದು ಅದೇ ಮೊದಲ ಸಲ. ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದ ನಾನು ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಸಂಕ್ರಾಂತಿಗೆ ಮುಂಚೆ ಕೆಲಸ ಶುರುವಾಯಿತು. ಹುತ್ತೂರಿನ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟು ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದೆ.

ನನ್ನ ವಿಷಯ ಹಳೆಯ ಕೆರೆಗಳ ನೀರು ಹಂಚಿಕೆ. ಆಕರ, ಬೀರುವಿನಲ್ಲಿದ್ದ ನಲವತ್ತೊಂದು ಕಡತಗಳು. ಕಡತ ಎಂದರೆ ಈಗ ಕಚೇರಿಯಲ್ಲಿ ಹೇಳುವ ಫೈಲಲ್ಲ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಮಡಿಚಿದ ಕಪ್ಪು ಪುಸ್ತಕ. ಹಿಂದಿನ ಶಾನುಭೋಗರು ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಎರಡು ತುದಿಗೂ ಮರದ ಹಲಗೆ ಇರಬೇಕು. ಇವುಗಳ ಹಲಗೆಗಳು ಎಂದೋ ಕಳೆದುಹೋಗಿದ್ದವು. ರಿಜಿಸ್ಟರಿನಲ್ಲಿ ಇದ್ದದ್ದು ಒಂದೇ ಸಾಲು: ‘ಕಪ್ಪು ಕಡತ, ೪೧, ದಾನ.’ ಯಾರ ಮನೆಯದು, ಯಾವ ಊರಿನದು, ಏನೂ ಇಲ್ಲ.

ಗ್ರಂಥಪಾಲಕರು ಮಾಲೂರಿನವರು, ಐವತ್ತು ದಾಟಿದವರು. ಸುತ್ತಿ ಬಳಸಿ ಮಾತಾಡುವವರಲ್ಲ. ಮೊದಲ ದಿನವೇ ಹೇಳಿದರು.

“ನೋಡಿಮ್ಮಾ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಹಿಂದಿನ ಕೋಣೆನ ಪರೀಕ್ಷೆಗೆ ಓದೋರಿಗೆ ಬಿಟ್ಟುಕೊಡಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ಯಾವ ಊರಿನದು, ಯಾತರದು ಅಂತ ಗೊತ್ತಿಲ್ಲದ ಸಾಮಾನನ್ನೆಲ್ಲ ರಿಜಿಸ್ಟರಿಂದ ಹೊಡೆದು ಹಾಕ್ತಾರೆ. ನಿಮಗೆ ನಾಲ್ಕು ತಿಂಗಳು ಅಂದ್ರೆ ಆ ಕಡತಗಳಿಗೂ ನಾಲ್ಕೇ ತಿಂಗಳು.”

“ಹೊಡೆದು ಹಾಕಿದ ಮೇಲೆ ಏನು ಮಾಡ್ತಾರೆ ಸಾರ್?”

ಉತ್ತರ ಬಂದದ್ದು ಬಾಗಿಲ ಹತ್ತಿರ ನಿಂತಿದ್ದ ಅಟೆಂಡರಿಂದ. “ಏನ್ ಮಾಡ್ತಾರೆ ಮೇಡಂ? ಇಡ್ಲಿ ಬಟ್ಟೆಗೂ ಬರಲ್ಲ ಅದು. ಮುಟ್ಟಿದ್ರೆ ಕೈಯೆಲ್ಲ ಮಸಿ.”

ಕೆಲಸದ ಕ್ರಮವನ್ನು ಮೊದಲ ವಾರದಲ್ಲೇ ಗೊತ್ತುಮಾಡಿಕೊಂಡೆ. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳುವುದು. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಒಂದು ಕಡತವನ್ನು ಮಾತ್ರ ಬಿಡಿಸುವುದು. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯುವುದು. ಹತ್ತರಿಂದ ಹನ್ನೆರಡರ ತನಕ ಕಿಟಕಿಯಿಂದ ಓರೆಬಿಸಿಲು ಬೀಳುವಾಗ ಓದುವುದು, ಏಕೆಂದರೆ ಮಾಸಿದ ಬಳಪ ಆ ಬೆಳಕಿನಲ್ಲಿ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನ ಓದಿದ್ದನ್ನು ಚೀಟಿಗಳಿಗೆ ಏರಿಸುವುದು. ಒಂದು ಸಾಲಿಗೆ ಒಂದು ಚೀಟಿ: ಕಡತದ ಸಂಖ್ಯೆ, ಮಡಿಕೆ, ಸಾಲು, ಓದಿದ್ದು, ಖಚಿತವೋ ಅನುಮಾನವೋ. ಡೆಸ್ಕಿನಲ್ಲಿ ನಮಗೆ ಕಲಿಸಿದ್ದು ಅದೇ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಬಾರದು.

ನಾಲ್ಕನೆಯ ದಿನಕ್ಕೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಊರಿನ ಹೆಸರು, ಕೆರೆಯ ಹೆಸರು, ವರ್ಷ ಇರಬೇಕಾದದ್ದು ಮೊದಲ ಮಡಿಕೆಯಲ್ಲಿ. ಬಿಡಿಸಿದ ಏಳು ಕಡತಗಳಲ್ಲೂ ಮೊದಲ ಮಡಿಕೆ ಖಾಲಿ. ಖಾಲಿಯೆಂದರೆ ಮಾಸಿದ್ದಲ್ಲ, ಶುಭ್ರವಾಗಿ ಕಪ್ಪಗಿತ್ತು. ಪ್ರತಿಯೊಂದರ ನಡುವೆಯೂ ಒಂದು ಕುಂಕುಮದ ಬೊಟ್ಟು. ಎಂಟನೆಯದನ್ನು ಬ್ರಷ್ಷಿನಲ್ಲಿ ಸವರುತ್ತಿದ್ದಾಗ ಅಟೆಂಡರು ಟೀ ತಂದಿಟ್ಟು ನೋಡುತ್ತ ನಿಂತರು.

“ಬ್ರಷ್ಷಲ್ಲಿ ಏನ್ ಹೋಗುತ್ತೆ ಮೇಡಂ? ಇರಿ, ಒದ್ದೆಬಟ್ಟೆ ತರ್ತೀನಿ. ಪ್ರತಿ ಆಯುಧಪೂಜೆಗೂ ನಾನೇ ಒರೆಸಿ ಬೊಟ್ಟಿಡೋದು. ಫಳಫಳ ಅನ್ನುತ್ತೆ!”

ನಾನು ಬ್ರಷ್ಷನ್ನು ಕೆಳಗಿಟ್ಟೆ. “ಎಷ್ಟು ವರ್ಷದಿಂದ?”

“ನಾನು ಸೇರಿದಾಗಿಂದ. ಹದಿನಾರು ಹಬ್ಬ ಆಯ್ತು.”

ಕಡತದ ಅಂಚಿನಿಂದ ತಾನಾಗಿ ಕಳಚಿಬಿದ್ದಿದ್ದ ಬೆರಳುಗಲದ ತುಂಡೊಂದು ಬೀರುವಿನ ತಳದಲ್ಲಿ ಸಿಕ್ಕಿತ್ತು. ಅದರ ಮೇಲೆ ಬಳಪದ ಒಂದು ಗೆರೆ ಇತ್ತು. ಅವರ ಮುಂದೆಯೇ ಅದನ್ನು ಒದ್ದೆ ಬೆರಳಿನಿಂದ ಒಂದು ಸಲ ಸವರಿದೆ. ಗೆರೆ ಹೋಯಿತು. ಸ್ಲೇಟಿನ ಹಾಗೆ. ಶಾನುಭೋಗರಿಗೆ ಕಡತ ಇಷ್ಟವಾದದ್ದೇ ಅದಕ್ಕೆ, ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದಿತ್ತು.

ಅಟೆಂಡರು ಬಹಳ ಹೊತ್ತು ಆ ತುಂಡನ್ನೇ ನೋಡಿದರು. “ಇದನ್ನ ಬರೀತೀರಾ ಮೇಡಂ?”

“ಬರೀಲೇಬೇಕಾಗುತ್ತೆ. ಮೊದಲ ಮಡಿಕೆ ಯಾಕೆ ಖಾಲಿ ಅಂತ ಮುಂದೆ ಯಾರಾದರೂ ಕೇಳ್ತಾರೆ.”

ಎರಡು ದಿನ ನನಗೆ ಟೀ ಬರಲಿಲ್ಲ. ಮೂರನೆಯ ದಿನ ಗ್ರಂಥಪಾಲಕರೇ ನನ್ನ ಮೇಜಿಗೆ ಬಂದು, “ಒರೆಸು ಅಂತ ಹೇಳಿದ್ದು ನಾನು. ಹಾಗೇ ಬರೀರಿ,” ಎಂದು ಹೇಳಿ ಹೋದರು. ಅವತ್ತು ಟೀ ಬಂತು.

ಅಲ್ಲಿಂದ ಮುಂದೆ ಎಂಟು ವಾರ ನಕಲು ಮಾಡಿದೆ. ಒಳಗಿನ ಮಡಿಕೆಗಳು ಚೆನ್ನಾಗಿಯೇ ಉಳಿದಿದ್ದವು. ಉದ್ದಕ್ಕೂ ಗದ್ದೆಗಳ ಹೆಸರು, ಪ್ರತಿ ಹೆಸರಿನ ಮುಂದೆ ಕೆರೆಯ ಯಾವ ತೂಬಿನಿಂದ, ಎಷ್ಟು ಗಳಿಗೆ ಎಂದು ನೀರಿನ ಸರದಿ. ಗ್ರಂಥಾಲಯದವರು ಹಿಂದೆಯೇ ಮಡಿಕೆಗಳಿಗೆ ಸಣ್ಣ ಚೀಟಿ ಅಂಟಿಸಿ ಅಂಕಿ ಹಾಕಿದ್ದರು. ನಾನು ಆ ಅಂಕಿಯ ಕ್ರಮದಲ್ಲೇ ಓದಿದೆ. ಹಾಗೆ ಓದುತ್ತಾ ಹೋದಂತೆ ಒಂದು ಮಾದರಿ ಕಾಣತೊಡಗಿತು. ದೊಡ್ಡ ತೂಬಿನ ನಾಲ್ಕೈದು ಗದ್ದೆ, ಆಮೇಲೆ ಚಿಕ್ಕ ತೂಬಿನ ನಾಲ್ಕೈದು, ಮತ್ತೆ ದೊಡ್ಡ ತೂಬು. ಎರಡು ತೂಬುಗಳ ರೈತರು ಸರದಿಯನ್ನು ಅದಲುಬದಲು ಮಾಡಿಕೊಂಡು ನೀರನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದರು ಎಂದು ನಾನು ತೀರ್ಮಾನಿಸಿದೆ. ಇಂಥ ಪದ್ಧತಿಯ ಬಗ್ಗೆ ನಾನು ಎಲ್ಲೂ ಓದಿರಲಿಲ್ಲ. ಪ್ರಬಂಧದ ಮೂರು ಅಧ್ಯಾಯ ಬರೆದೆ. ಗ್ರಂಥಪಾಲಕರು ಓದಿ, ಚೆನ್ನಾಗಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಊರು ಮಾತ್ರ ಗೊತ್ತಾಗಿರಲಿಲ್ಲ. ಗದ್ದೆಯ ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೂ ಅರ್ಧಕ್ಕರ್ಧ ತೆಲುಗು. ಚಿಂತಮಾನು ಗದ್ದೆ, ಅಂದರೆ ಹುಣಸೆಮರದ್ದು. ಉಪ್ಪುನೇಲ ಗದ್ದೆ, ಅಂದರೆ ಸೌಳುನೆಲದ್ದು. ಇದು ಮಾಲೂರಿನ ಕಡೆಯದಲ್ಲ, ಶ್ರೀನಿವಾಸಪುರದಾಚೆ ಗಡಿಯ ಕಡೆಯದು ಎಂದು ಲೆಕ್ಕ ಹಾಕಿ, ಒಂದು ವಾರದ ಅನುಮತಿ ಪಡೆದು ಬಸ್ ಹತ್ತಿದೆ.

ಮೊದಲ ಮೂರು ಹಳ್ಳಿಗಳಲ್ಲಿ ಏನೂ ಗಿಟ್ಟಲಿಲ್ಲ. ಕೆರೆಯ ಸುದ್ದಿ ಎತ್ತಿದರೆ ಸಾಕು, ಒತ್ತುವರಿ ಅಳೆಯಲು ಬಂದವಳೆಂದು ಜನ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಗೌನಿಪಲ್ಲಿಯ ಟೀ ಅಂಗಡಿಯಲ್ಲಿ ಕೂತಿದ್ದ ಮಾವಿನ ತೋಟದವರೊಬ್ಬರು ನನ್ನ ಚೀಟಿಗಳನ್ನು ತಿರುಗಿಸಿ ನೋಡಿದರು.

“ಇದನ್ನ ರೈತರನ್ನ ಕೇಳಿದ್ರೆ ಏನಮ್ಮಾ ಗೊತ್ತಾಗುತ್ತೆ? ರೈತನಿಗೆ ಅವನ ಗದ್ದೆ ಒಂದೇ ಗೊತ್ತು. ಎಲ್ಲರ ಗದ್ದೆ ಗೊತ್ತಿರೋದು ನೀರುಗಂಟಿಗೆ. ರಾಯಲ್ಪಾಡು ದಾರೀಲಿ ಒಬ್ಬರವ್ರೆ, ಹೋಗಿ. ಪಂಪ್‌ಸೆಟ್ಟು ಬಂದ್ಮೇಲೆ ಅವರನ್ನ ಕೇಳೋರೇ ಇಲ್ಲ.”

ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ತಿರುಗಿಸುವವರು ನೀರುಗಂಟಿಗಳು. ಎಂಟು ವಾರ ಅವರ ಕೆಲಸದ ಬಗ್ಗೆಯೇ ಬರೆದಿದ್ದ ನನಗೆ ಅವರಲ್ಲೊಬ್ಬರನ್ನು ಹುಡುಕಬೇಕೆಂದು ಹೊಳೆದಿರಲಿಲ್ಲ.

ರಸ್ತೆಯಿಂದ ಒಳಗೆ ಎರಡು ಮೈಲಿ ನಡೆದೆ. ತೋಪುಗಳಲ್ಲಿ ಮಾವು ಮಿಡಿಗಚ್ಚಿತ್ತು. ಕೆರೆಯ ಏರಿಯ ಮೇಲೆ ಎಪ್ಪತ್ತು ದಾಟಿದವರೊಬ್ಬರು ಕುರಿಗಳನ್ನು ಬಿಟ್ಟುಕೊಂಡು ಕೂತಿದ್ದರು. “ಎವುರಮ್ಮಾ? ಸರ್ವೆವಾಳ್ಳಾ?” ಎಂದು ತೆಲುಗಿನಲ್ಲೇ ವಿಚಾರಿಸಿದರು, ಸರ್ವೆಯವಳೇ ಎಂದು. ಅಲ್ಲವೆಂದು ಹೇಳಿ, ಕೋಲಾರದಿಂದ ಹಳೆಯ ಬರಹ ತಂದಿದ್ದೇನೆ, ಓದುತ್ತೇನೆ, ಕೇಳಿ ಎಂದೆ. ಅವರು ಕನ್ನಡಕ್ಕೆ ತಿರುಗಿದರು. “ಓದಮ್ಮಯ್ಯಾ. ಕುರಿ ಕೇಳ್ತವೆ, ನಾನೂ ಕೇಳ್ತೀನಿ.”

ಒಂದನೆಯ ಕಡತದ ಚೀಟಿಗಳನ್ನು ಸಾಲಾಗಿ ಓದಿದೆ. ಐದನೆಯ ಹೆಸರಿಗೆ ಅವರ ಕೈಯ ಕೋಲು ನಿಂತಿತು. ಒಂಬತ್ತನೆಯದಕ್ಕೆ ನಗತೊಡಗಿದರು. ಹನ್ನೆರಡನೆಯದಕ್ಕೆ ಕೆಮ್ಮು ಬರುವಷ್ಟು ನಕ್ಕರು.

“ಯಾಕೆ ತಾತ?”

“ಇವು ನಮ್ಮ ಗದ್ದೆಗಳೇ ಕಣಮ್ಮಯ್ಯಾ, ಸುಳ್ಳಲ್ಲ. ಆದ್ರೆ ನೀನು ಓದ್ದಂಗೆ ನೀರು ಬಿಟ್ರೆ ಅದು ಬೆಟ್ಟ ಹತ್ತಬೇಕು! ಚಿಂತಮಾನು ಗದ್ದೆ ತಗ್ಗಲ್ಲೈತೆ, ಅಗೋ ಅಲ್ಲಿ. ಅದಾದ್ಮೇಲೆ ಪೂಜಾರಿ ಗದ್ದೆ ಅಂದೆ. ಪೂಜಾರಿ ಗದ್ದೆ ಈ ಕಡೆ ದಿಬ್ಬದ ಮ್ಯಾಲೈತೆ, ಚಿಕ್ಕ ತೂಬಿಂದು. ಅಲ್ಲಿಂದ ಇಲ್ಲಿಗೆ ನೀಳ್ಳು ಏನು ಬಸ್ಸಲ್ಲಿ ಬತ್ತವಾ?”

ಅವರು ಕೋಲಿನಲ್ಲಿ ಎಡಕ್ಕೂ ಬಲಕ್ಕೂ ತೋರಿಸಿದರು. ಎರಡು ಕಾಲುವೆ, ನಡುವೆ ದಿಬ್ಬ. ಒಂದರ ನೀರು ಇನ್ನೊಂದಕ್ಕೆ ಹೋಗುವ ದಾರಿಯೇ ಇರಲಿಲ್ಲ. ಏರಿಯ ಮೇಲೆ ನಿಂತು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಪೂರ್ವದ ಕಿಟಕಿಯ ಪಕ್ಕ ಕೂತು ನೋಡಿದ್ದೆ.

ವಾಪಸ್ಸು ಬರುವ ಬಸ್ಸಿನಲ್ಲಿ ತಪ್ಪು ಎಲ್ಲಾಯಿತೆಂದು ಬಿಡಿಸಿಕೊಂಡೆ. ಗ್ರಂಥಾಲಯದವರು ಅಂಕಿ ಹಾಕಿದ್ದು ಪುಸ್ತಕಕ್ಕೆ ಹಾಕುವ ಹಾಗೆ. ಮಡಿಕೆಯ ಮುಂಭಾಗ ಒಂದು, ಅದರ ಬೆನ್ನು ಎರಡು. ಆದರೆ ಬೀಸಣಿಗೆಯಂತೆ ಮಡಿಚಿದ ಕಡತವನ್ನು ಬರೆಯುವವನು ಒಂದು ಮುಖವನ್ನು ಉದ್ದಕ್ಕೂ ಮುಗಿಸಿ, ಆಮೇಲೆ ಇಡಿಯಾಗಿ ಹೊರಳಿಸಿ ಇನ್ನೊಂದು ಮುಖ ಶುರುಮಾಡುತ್ತಾನೆ. ಒಂದು ಮುಖ ದೊಡ್ಡ ತೂಬು, ಇನ್ನೊಂದು ಮುಖ ಚಿಕ್ಕ ತೂಬು. ನಾನು ಕಂಡುಹಿಡಿದ ಅಪರೂಪದ ಸಮಾನ ಹಂಚಿಕೆ ಬರಿಯ ಅಂಕಿ ಚೀಟಿಗಳ ಕೆಲಸವಾಗಿತ್ತು.

ಉಳಿದದ್ದು ಐದು ವಾರ. ಮೂರು ಅಧ್ಯಾಯ ಹೋದವು. ಹೊಸ ಪ್ರಬಂಧ ಬರೆದರೆ ನಲವತ್ತೊಂದು ಕಡತಗಳ ಪಟ್ಟಿ ಸರಿಪಡಿಸಲು ಸಮಯವಿಲ್ಲ. ಪಟ್ಟಿ ಸರಿಪಡಿಸಿದರೆ ಪ್ರಬಂಧವಿಲ್ಲ. ಮರುದಿನ ಗ್ರಂಥಪಾಲಕರಿಗೆ ಎಲ್ಲವನ್ನೂ ಹೇಳಿ, ಪಟ್ಟಿ ಮಾಡುತ್ತೇನೆ ಎಂದೆ.

“ಪ್ರಬಂಧ ಇಲ್ಲದಿದ್ರೆ ಫೆಲೋಶಿಪ್ ಪೂರೈಸಿದ್ದೀರಿ ಅಂತ ನಾನು ಬರೆದುಕೊಡಕ್ಕಾಗಲ್ಲ.”

“ಗೊತ್ತು ಸಾರ್. ಪ್ರಬಂಧ ಆಮೇಲೆ ಯಾವತ್ತಾದರೂ ಬರೀಬಹುದು. ಕಡತ ಹೋದರೆ ಯಾವತ್ತೂ ಬರೆಯಕ್ಕಾಗಲ್ಲ.”

“ಮತ್ತೆ, ಕಡತ ಹೊರಗೆ ಹೋಗೋ ಹಾಗಿಲ್ಲ.”

“ಅದಕ್ಕೇ ಆ ನೀರುಗಂಟಿ ತಾತನನ್ನೇ ಒಳಗೆ ಕರೆಸೋಣ ಅಂತ. ನನ್ನ ಬಸ್ ಖರ್ಚಿನ ಬಾಬ್ತು ಉಳಿದಿದೆ.”

ಓದುಗರ ಕಾರ್ಡಿಲ್ಲದೆ ಯಾರೂ ಒಳಗಿನ ಮೇಜಿಗೆ ಕೂರುವಂತಿರಲಿಲ್ಲ. ಕಾರ್ಡಿನ ಅರ್ಜಿಯಲ್ಲಿ ‘ಓದು ಬರಹ ಬಲ್ಲವರೇ?’ ಎಂಬ ಸಾಲಿತ್ತು. ಗ್ರಂಥಪಾಲಕರು ಅದರ ಮೇಲೆ ಪೆನ್ನು ಹಿಡಿದು ಕೂತರು. “ಇವರು ಓದ್ತಾರಾ?”

“ನಾನು ಓದ್ತೀನಿ. ಅವರು ತಿದ್ದುತ್ತಾರೆ.”

ಅವರು ಆ ಸಾಲನ್ನು ಖಾಲಿ ಬಿಟ್ಟು, ಕಸುಬಿನ ಮುಂದೆ ‘ನೀರುಗಂಟಿ’ ಎಂದೂ ಉದ್ದೇಶದ ಮುಂದೆ ‘ತಿದ್ದುವುದು’ ಎಂದೂ ಬರೆದರು.

ವಾರಕ್ಕೆ ಮೂರು ದಿನ ತಾತ ಶ್ರೀನಿವಾಸಪುರದ ಮೇಲಿನ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ದಿನ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದು, ಮೇಜಿನ ಪಕ್ಕ ನೆಲದ ಮೇಲೆ ಕೂತರು. ಅವರ ಊರಿನಲ್ಲಿ ಶಾನುಭೋಗರ ಜಗುಲಿಯ ಕೆಳಗೆ ನಿಂತು ಲೆಕ್ಕ ಒಪ್ಪಿಸಿದವರು ಅವರು. ಗ್ರಂಥಪಾಲಕರು ಕನ್ನಡಕದ ಮೇಲಿಂದ ನೋಡಿ, “ಇಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡೋ ಹಾಗಿಲ್ಲ. ನಿಯಮ ಇದೆ. ಕುರ್ಚಿ ತಗೊಳ್ಳಿ,” ಎಂದರು. ಅಂಥ ನಿಯಮ ಇರಲಿಲ್ಲ. ನಾನು ನಿಯಮಾವಳಿಯನ್ನು ಪೂರ್ತಿ ಓದಿದ್ದೆ.

ಕ್ರಮ ಹೀಗಿತ್ತು. ಹಳೆಯ ಅಂಕಿ ಚೀಟಿಗಳನ್ನು ಕೀಳಲಿಲ್ಲ. ಬೇರೆ ಹಾಳೆಯಲ್ಲಿ ಹೊಸ ಕ್ರಮದ ಅಂಕಿ ಹಾಕಿಕೊಂಡೆ. ನಾನು ಮೂರು ಗದ್ದೆಗಳ ಹೆಸರು ಓದಿ ನಿಲ್ಲಿಸುವುದು. ತಾತ ಕಣ್ಣು ಮುಚ್ಚಿ ಮುಂದಿನ ಐದು ಹೇಳುವುದು. ಅಟೆಂಡರು ನನ್ನ ಚೀಟಿಗಳನ್ನು ಕೈಯಲ್ಲಿ ಹಿಡಿದು ಸರಿ, ತಪ್ಪು, ಅನುಮಾನ ಎಂದು ಗುರುತು ಹಾಕುವುದು. ಆ ಕೆಲಸವನ್ನು ಅಟೆಂಡರು ತಾವಾಗಿ ಕೇಳಿ ತೆಗೆದುಕೊಂಡರು. ಮೊದಲ ದಿನ ತಾತನಿಗೆ ಟೀ ತಂದಾಗ ಲೋಟವನ್ನು ಮೇಜಿನಿಂದ ಎರಡು ಗಜ ದೂರದ ಸ್ಟೂಲಿನ ಮೇಲಿಟ್ಟು, “ಇಲ್ಲಿ ಬಂದು ಕುಡೀರಿ ತಾತ. ಒಂದು ತೊಟ್ಟು ಬಿದ್ರೂ ಒಂದೂರು ಅಳಿಸಿಹೋಗುತ್ತೆ,” ಎಂದರು.

“ಏನಪ್ಪಾ, ನಿಮ್ಮ ಆಫೀಸಲ್ಲಿ ನೀರು ಕಂಡ್ರೆ ಇಷ್ಟು ಭಯ! ನಮ್ಮೂರಲ್ಲಿ ನೀರಿಲ್ಲದಿದ್ರೆ ಭಯ,” ಎಂದರು ತಾತ.

ಒಬ್ಬರ ಮಾತಿನ ಮೇಲೆ ಸುದ್ದಿ ನಿಲ್ಲಿಸಬಾರದು. ಎರಡನೆಯ ಆಧಾರಕ್ಕಾಗಿ ಒಂದು ಶನಿವಾರ ತಾತನಿಗೆ ಹೇಳದೆ ಅವರ ಊರಿಗೆ ಹೋಗಿ, ನಾಟಿಯ ಕೆಲಸದಲ್ಲಿ ಪಳಗಿದ ಹೆಂಗಸೊಬ್ಬರ ಜೊತೆ ದೊಡ್ಡ ತೂಬಿನಿಂದ ಕೊನೆಯ ಗದ್ದೆಯ ತನಕ ಕಾಲುವೆಗುಂಟ ನಡೆದೆ. ಆಕೆ ಹೇಳಿದ ಹೆಸರುಗಳನ್ನು ಹಾಗೆಯೇ ಬರೆದುಕೊಂಡೆ. ತಾತ ಹೇಳಿದ್ದಕ್ಕೆ ಎರಡು ಕಡೆ ಮಾತ್ರ ವ್ಯತ್ಯಾಸ ಬಂತು. ಎರಡೂ ಈಚೆಗೆ ಭಾಗವಾದ ಗದ್ದೆಗಳು.

ಸಾಲಾಗಿ ಮೂರು ಕೆರೆಗಳಿದ್ದವು. ಮೇಲಿನದು ತುಂಬಿ ಕೋಡಿ ಹರಿದರೆ ನಡುವಿನದಕ್ಕೆ, ಅದು ತುಂಬಿದರೆ ಕೆಳಗಿನದಕ್ಕೆ. ಕಡತಗಳು ಮೂರಕ್ಕೂ ಸೇರಿದ್ದವು. ನಾಲ್ಕು ವಾರ ಮುಗಿಯುವಾಗ ಮೂವತ್ತನಾಲ್ಕು ಕಡತಗಳು ತಾಳೆಯಾದವು, ಏಳು ಆಗಲಿಲ್ಲ. ಆ ಏಳರಲ್ಲಿ ತಾತ ಹೇಳಿದ ಹೆಸರುಗಳು ಇದ್ದವು, ಆದರೆ ಅರ್ಧ ಮಾತ್ರ, ಅವೂ ಚೆಲ್ಲಾಪಿಲ್ಲಿ. ತಾತ ಸಿಟ್ಟಾದರು. “ಅವು ನಮ್ಮ ಕೆರೇವಲ್ಲ. ಯಾರೋ ಕುಡಿದು ಬರ್ದಿರೋದು.” ನಾನು ಪಟ್ಟಿಯಲ್ಲಿ ಏಳರ ಮುಂದೆಯೂ ‘ಹೊಂದಲಿಲ್ಲ’ ಎಂದು ಬರೆದೆ.

ಸಮಿತಿ ಸೇರಿದ್ದು ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ. ಅಧ್ಯಕ್ಷರು ಮುಳಬಾಗಿಲಿನ ನಿವೃತ್ತ ವಕೀಲರು. ನನ್ನ ಪಟ್ಟಿಯನ್ನು ಮನೆಯಲ್ಲೇ ಓದಿ, ಅಲ್ಲಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು. ಮೇಜಿನ ಒಂದು ಬದಿಗೆ ಸಮಿತಿ, ಎದುರಿಗೆ ನಾನು ಮತ್ತು ತಾತ.

“ಕೆಲಸ ಶ್ರದ್ಧೆಯಿಂದ ಆಗಿದೆ, ಒಪ್ಪಿದೆ,” ಎಂದರು ಅಧ್ಯಕ್ಷರು. “ಆದರೆ ಒಬ್ಬರು ಬಾಯಲ್ಲಿ ಹೇಳಿದ್ದನ್ನ ಆಧಾರ ಅಂತ ಹೇಗಮ್ಮಾ ಒಪ್ಪೋದು? ನಾಲ್ಕು ವಾರ ನೀವು ಓದ್ತಿದ್ದೀರಿ, ಅವರು ಕೇಳ್ತಿದ್ದಾರೆ. ಅವರಿಗೆ ಕಡತವೇ ಬಾಯಿಪಾಠ ಆಗಿರಬಹುದಲ್ಲ?”

“ಕೇಳಿ ನೋಡಬಹುದು ಸಾರ್. ಯಾವ ಕಡತ ಬೇಕಾದರೂ.”

“ಹೊಂದಿದ್ದನ್ನ ಕೇಳಿ ಏನು ಪ್ರಯೋಜನ? ಹೊಂದದೇ ಇರೋದು ತನ್ನಿ. ಏಳರಲ್ಲಿ ಒಂದು.”

ವಕೀಲರ ಪ್ರಶ್ನೆ ನ್ಯಾಯವಾಗಿತ್ತು. ನಾನೇ ಅವರ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ. ಏಳು ಯಾವುದಕ್ಕೂ ಹೊಂದದಿದ್ದರೆ ಮೂವತ್ತನಾಲ್ಕರ ಮೇಲೂ ಅನುಮಾನ ಬೀಳುತ್ತದೆ. ಗ್ರಂಥಪಾಲಕರು ಹತ್ತೊಂಬತ್ತನೆಯ ಕಡತ ತಂದರು. ಅಧ್ಯಕ್ಷರು ಅದನ್ನು ಪಂಚೆಯ ಮೇಲಿಟ್ಟು, ಬಿಡಿಸಿ, ಸಾಕ್ಷಿಗೆ ದಾಖಲೆ ತೋರಿಸುವ ಕೋರ್ಟಿನ ಅಭ್ಯಾಸದಂತೆ ತಾತನ ಕಡೆಗೆ ತಿರುಗಿಸಿದರು.

“ಇದು ನಿಮ್ಮ ಕೆರೇದಾ?”

ತಾತ ಮುಂದಕ್ಕೆ ಬಾಗಿದರು. ಮೊದಲ ಖಾಲಿ ಮಡಿಕೆಯನ್ನು ನೋಡಿದರು. ಎರಡನೆಯದಕ್ಕೆ ಬಂದು ಅಲ್ಲೇ ನಿಂತರು. ಬಾಗಿಲ ಹತ್ತಿರ ಅಟೆಂಡರು ಕೈಕಟ್ಟಿ ನಿಂತಿದ್ದರು. ಮುಗಿಯಿತು ಎಂದುಕೊಂಡೆ.

“ಅಮ್ಮಯ್ಯಾ,” ಎಂದರು ತಾತ, ಅಧ್ಯಕ್ಷರನ್ನು ಬಿಟ್ಟು ನನ್ನ ಕಡೆ ತಿರುಗಿ. ಎರಡನೆಯ ಮಡಿಕೆಯ ಮೂಲೆಯನ್ನು, ಮುಟ್ಟದೆ, ಬೆರಳಿನಿಂದ ತೋರಿಸಿದರು. “ಇಲ್ಲಿ ಅರೆಚಂದ್ರ ಬರ್ದವ್ರಲ್ಲ. ನೀನು ನಂಗ್ಯಾಕೆ ಹೇಳ್ಲಿಲ್ಲ?”

ಅದು ನನ್ನ ಚೀಟಿಯಲ್ಲಿತ್ತು. ‘ಮೂಲೆಯಲ್ಲಿ ಅರ್ಧವೃತ್ತ, ಬಳಪ ಪರೀಕ್ಷಿಸಿದ ಗೀಟು?’ ಎಂದು ನನ್ನದೇ ಅಕ್ಷರ. ಓದಲಿಕ್ಕೆ ಏನೂ ಇಲ್ಲದ ಗೀಟಾದ್ದರಿಂದ ಜೋರಾಗಿ ಓದಿರಲಿಲ್ಲ.

“ಅದೇನದು?” ಅಧ್ಯಕ್ಷರು ಕೇಳಿದರು.

“ಕೆರೆ ಅರ್ಧ ತುಂಬಿದ ವರ್ಷ ಸ್ವಾಮಿ. ಆ ವರ್ಷ ತೂಬಿನ ಕಲ್ಲಿಗೆ ಸುಣ್ಣದಲ್ಲಿ ಅರೆಚಂದ್ರ ಬರೀತಿದ್ವಿ, ಎಲ್ರೂ ನೋಡ್ಲಿ ಅಂತ. ಅದು ಕಂಡ್ರೆ ಲೆಕ್ಕಾನೇ ಬೇರೆ. ಕೊನೇ ಗದ್ದೆಯಿಂದ ಶುರು. ಇಲ್ಲಾಂದ್ರೆ ತೂಬಿನ ಪಕ್ಕದೋನೇ ಎಲ್ಲಾ ಕುಡ್ಕೊಂಡ್ಬಿಡ್ತಾನೆ. ಅದೂ ಒಂದು ಬಿಟ್ಟು ಒಂದಕ್ಕೆ. ನೀರು ಬಿದ್ದ ಗದ್ದೆಗೆ ಭತ್ತ, ಬಿಟ್ಟಿದ್ದಕ್ಕೆ ರಾಗಿ.”

“ಹಾಗಾದ್ರೆ ಹೇಳಿ. ಕೊನೆಯಿಂದ.”

ತಾತ ಕಣ್ಣು ಮುಚ್ಚಿದರು. ಬೆರಳು ಮಡಿಚುತ್ತಾ, ಒಂದನ್ನು ತುಟಿಯಲ್ಲೇ ನುಂಗಿ ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತಾ ಹೋದರು. ಮೂಲೆ ಗದ್ದೆ. ಉಪ್ಪುನೇಲ. ಜೋಡಿಬಾವಿ. ಗ್ರಂಥಪಾಲಕರು ಕಡತದ ಮೇಲೆ ಕಣ್ಣಿಟ್ಟು, ಪ್ರತಿ ಹೆಸರಿಗೂ “ಇದೆ” ಎಂದರು. ಹನ್ನೊಂದು ಸಲ “ಇದೆ” ಎಂದರು. ಹನ್ನೆರಡನೆಯದಕ್ಕೆ ತಾತ ನಿಲ್ಲಿಸಿ, “ಇದಾದ್ಮೇಲೆ ಚಿಂತಮಾನು. ಅಲ್ಲಿಗೆ ದೊಡ್ಡ ತೂಬು ಮುಗೀತು,” ಎಂದರು. ಗ್ರಂಥಪಾಲಕರು ಆ ಮುಖದ ಕೊನೆಯ ಸಾಲನ್ನು ಓದಿ ತಲೆಯೆತ್ತಿದರು. “ಚಿಂತಮಾನು. ಮುಗೀತು.”

ಉಳಿದ ಆರನ್ನೂ ಅಧ್ಯಕ್ಷರು ತರಿಸಿದರು. ಆರರಲ್ಲೂ ಅರೆಚಂದ್ರವಿತ್ತು. ಮೂವತ್ತನಾಲ್ಕರಲ್ಲಿ ಒಂದರಲ್ಲೂ ಇರಲಿಲ್ಲ. ಆರೂ ಕೊನೆಯಿಂದ ಒಂದು ಬಿಟ್ಟು ಒಂದರ ಲೆಕ್ಕದಲ್ಲಿ ಕೂತವು. ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದ್ದು ಎರಡು ಸಾಲು. ನಲವತ್ತೊಂದು ಕಡತಗಳನ್ನು ಊರು ಮತ್ತು ಕೆರೆಯ ಹೆಸರಿನೊಂದಿಗೆ ಸಂಗ್ರಹದಲ್ಲಿ ಖಾಯಂ ಆಗಿ ದಾಖಲಿಸುವುದು. ಪ್ರಬಂಧಕ್ಕೆ ಸಂಶೋಧಕರಿಗೆ ಒಂದು ವರ್ಷ ಕಾಲಾವಕಾಶ ಕೊಡುವುದು.

ನಾಲ್ಕು ವಾರದಲ್ಲಿ ಒಂದು ದಿನವೂ ನಾನು ಕಡತವನ್ನು ತಾತನ ಕಡೆಗೆ ತಿರುಗಿಸಿರಲಿಲ್ಲ. ಅಕ್ಷರ ಬಾರದವರಿಗೆ ತೋರಿಸಿ ಏನು ಎಂದು ಯೋಚಿಸಿದ್ದೆ ಎಂದೂ ಹೇಳಲಾರೆ, ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮೊದಲ ಮಡಿಕೆಗಳು ಯಾಕೆ ಖಾಲಿ ಎಂಬ ಟಿಪ್ಪಣಿಯ ಕೆಳಗೆ ಈ ತಪ್ಪನ್ನೂ ಬರೆದೆ, ಯಾರದೆಂದು ಹೆಸರು ಸಹಿತ. ಆ ಪುಟ ಟೈಪಾಗಿ ಬಂದಾಗ ಅಟೆಂಡರು ಓದಿ, “ಮೇಡಂ, ಈಗ ನಾವಿಬ್ರೂ ಒಂದೇ ಪುಟದಲ್ಲಿದ್ದೀವಿ,” ಎಂದರು. ಆ ವರ್ಷದ ಆಯುಧಪೂಜೆಗೆ ಅವರು ಬೀರುವಿನ ಹೊರಗನ್ನು ಒಣಬಟ್ಟೆಯಲ್ಲಿ ಒರೆಸಿ, ಬೊಟ್ಟನ್ನು ಬೀಗಕ್ಕೆ ಇಟ್ಟರೆಂದು ಗ್ರಂಥಪಾಲಕರು ಕಾಗದ ಬರೆದರು.

ಕೊನೆಯ ದಿನ ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಪಟ್ಟಿಯ ಕೊನೆಯ ಕಾಲಂ ‘ಆಧಾರ’. ನಲವತ್ತೊಂದು ಸಾಲಿನ ಮುಂದೆಯೂ ತಾತನ ಹೆಸರು, ಊರು, ಕಸುಬು ಟೈಪ್ ಮಾಡಿಸಿದ್ದೆ. ನನ್ನ ಹೆಸರು ಕೆಳಗೆ, ನಕಲು ಮಾಡಿದವರು ಎಂಬಲ್ಲಿ. ಪಟ್ಟಿಯನ್ನು ಈ ಸಲ ಅವರ ಕಡೆಗೆ ತಿರುಗಿಸಿಟ್ಟು, ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ಹೇಳಿದೆ. ಸಹಿಯ ಜಾಗಕ್ಕೆ ಹೆಬ್ಬೆಟ್ಟು ಒತ್ತಲು ಅಟೆಂಡರು ಶಾಯಿಯ ಪ್ಯಾಡು ತೆರೆದು ಹಿಡಿದಿದ್ದರು. ತಾತ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇದು ತಪ್ಪೈತೆ.”

“ಯಾವುದು ತಾತ?”

“ನಡುವಿನ ಕೆರೆ ನಂದು, ಸರಿ. ಕೆಳಗಿಂದೂ ನಾನೇ ಬಿಟ್ಟಿದ್ದೀನಿ. ಮೇಲಿನ ಕೆರೆ ನಂದಲ್ಲ, ನಮ್ಮ ಮಾವನ್ದು. ಅಲ್ಲಿ ನಾನು ಒಂದಿನಾನೂ ತೂಬು ಮುಟ್ಟಿಲ್ಲ. ಅವ್ರು ಹೇಳ್ತಿದ್ರು, ನಾನು ಕೇಳಿಸ್ಕೊಂಡಿದ್ದು. ಆ ಕೆರೇಗೆ ಅವ್ರ ಹೆಸರು ಬರಿ. ನಾನು ಕೇಳಿದ್ದೋನು ಅಂತ ಬರಿ.”

ಮೇಲಿನ ಕೆರೆಯ ಕಡತಗಳು ಹನ್ನೆರಡು. ತಾತನಿಗೆ ಕುರ್ಚಿಯಲ್ಲೇ ಕೂತಿರಲು ಹೇಳಿ, ಆಫೀಸಿನ ಟೈಪ್‌ರೈಟರಿಗೆ ಹೊಸ ಹಾಳೆ ಸೇರಿಸಿದೆ. ಹನ್ನೆರಡು ಸಾಲುಗಳಲ್ಲಿ ಅವರ ಮಾವನ ಹೆಸರು ಹಾಕಿ, ಪಕ್ಕದಲ್ಲಿ ‘ಅಳಿಯನಿಂದ ಕೇಳಿದ್ದು’ ಎಂದು ಬರೆದೆ. ಮತ್ತೆ ಓದಿ ಹೇಳಿದೆ. ಅವರು ಹನ್ನೆರಡನ್ನೂ ಬೆರಳಲ್ಲಿ ಎಣಿಸಿಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿದರು.

ಅದಕ್ಕಿಂತ ಸರಿಯಾದ ಪುಟವನ್ನು ನಾನು ಪತ್ರಿಕೆಯಲ್ಲಿ ಒಂದು ದಿನವೂ ಅಚ್ಚಿಗೆ ಕಳಿಸಿಲ್ಲ.